ಹಳೇ ಪೋಸ್ಟ್: ಬಾಗಿಲು ಮುಂದೆ ಮಾಡೋದಾ, ಅಟ್ಟಕ್ಕೆ ಹಾಕೋದಾ, ತಿಪ್ಪೆಗೆ ಎಸೆಯೋದಾ?

ಕಲಬುರಗಿಯ ಮಧ್ಯಾಹ್ನದ ಬಿಸಿಲಿಗೆ ಯಾರೂ ಸುಮ್ನೆ ಹೊರಗೆ ಬೀಳುವುದಿಲ್ಲ. ಅಂಥಾ ಹೊತ್ತಲ್ಲಿ ಒಬ್ಬ ಹುಡುಗ ನಮ್ಮ ಅಂಗಡಿಗೆ ಬಂದ. ಹುಡುಗ ಅಂದರೆ ಮೂವತ್ತು ಮುಟ್ಟಿದವನು, ನನ್ನ ಕಣ್ಣಿಗೆ ಹುಡುಗ. ನಮ್ಮದು ಝೆರಾಕ್ಸ್, ಪ್ರಿಂಟ್, ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ. ಬಂದವನೇ ಫೋನ್ ಮುಂದೆ ಹಿಡಿದ. "ಕಾಕಾ, ಫೇಸ್‌ಬುಕ್ ಪೂರಾ ತೊಳಿಬೇಕ್ರಿ. ಸೋಮವಾರ ಬೆಂಗಳೂರಾಗ ಇಂಟರ್‌ವ್ಯೂ ಅದ."

ಅಕೌಂಟ್ 2011ರದ್ದು. ಊರಿನ ಹೆಸರು ಇನ್ನೂ ಗುಲ್ಬರ್ಗಾ ಅಂತಿದ್ದ ಕಾಲ. ಸರ್ಕಾರಿ ಕಾಗದದಲ್ಲಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಅವನಿಗೆ ನಾಚಿಕೆ ಇದ್ದದ್ದು ಅಪ್ಪನ ಕೆರೆ ಹತ್ತಿರ ಗೆಳೆಯನ ಬೈಕ್ ಮೇಲೆ ಕರಿ ಕನ್ನಡಕ ಹಾಕಿ ಕೂತ ಫೋಟೋಗಳ ಬಗ್ಗೆ. "ಇವನ್ನೆಲ್ಲಾ ತೆಗೀರಿ" ಅಂದ. ನಾನು ಬೆರಳು ಸರಿಸುತ್ತಾ ಹೋದೆ. ಬೈಕ್ ಫೋಟೋಗಿಂತ ಎರಡು ಪೋಸ್ಟ್ ಕೆಳಗೆ ತಂಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. "ನಮ್ ತಂಗಿ ಡಿಸ್ಟಿಂಕ್ಷನ್, ಲೈಕ್ ಮಾಡ್ರಪ್ಪಾ" ಅಂತ ಮೇಲೆ ಬರೆದಿದ್ದ. ಹುಡುಗಿಯ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ರಿಜಿಸ್ಟರ್ ನಂಬರ್ ಎಲ್ಲಾ ಸ್ಪಷ್ಟ. ಪಕ್ಕದಲ್ಲಿ ಸಣ್ಣ ಭೂಗೋಳದ ಗುರುತು. ಅಂದರೆ ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು.

ಎಷ್ಟೋ ಜನರ ಪ್ರೊಫೈಲ್ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು. ನಾಚಿಕೆ ತರುವ ಪೋಸ್ಟ್ ಬೇರೆ, ಕೇಡು ತರುವ ಪೋಸ್ಟ್ ಬೇರೆ. ಜನ ಮೊದಲನೆಯದನ್ನು ಹುಡುಕಿ ಹುಡುಕಿ ಅಳಿಸುತ್ತಾರೆ, ಎರಡನೆಯದು ಅವರ ಕಣ್ಣಿಗೇ ಬೀಳುವುದಿಲ್ಲ. ಎರಡಕ್ಕೂ ಒಂದೇ ಮದ್ದು ಅಲ್ಲ. ಅದಕ್ಕೇ ಮುಚ್ಚುವುದು, ಅಟ್ಟಕ್ಕೆ ಹಾಕುವುದು, ಅಳಿಸುವುದು ಈ ದಾರಿಗಳ ಹೋಲಿಕೆ.

ಕೈ ಹಚ್ಚುವ ಮೊದಲು

ಫೇಸ್‌ಬುಕ್ ಪ್ರೊಫೈಲ್‌ನಲ್ಲಿ ಮೂರು ಚುಕ್ಕಿ ಒತ್ತಿದರೆ 'ವ್ಯೂ ಆ್ಯಸ್' ಅಂತ ಬರುತ್ತದೆ. ಗುರುತಿಲ್ಲದವರಿಗೆ ನಿಮ್ಮ ಪ್ರೊಫೈಲ್ ಹೇಗೆ ಕಾಣುತ್ತದೆ ಅಂತ ಅದು ತೋರಿಸುತ್ತದೆ. ಅರ್ಧ ಜನರ ಗಾಬರಿ ಇಲ್ಲೇ ಇಳಿಯುತ್ತದೆ, ಯಾಕಂದರೆ ಅವರು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. ಉಳಿದರ್ಧ ಜನರ ಗಾಬರಿ ಜಾಸ್ತಿಯಾಗುತ್ತದೆ.

ಆಮೇಲೆ ಒಂದು ನಕಲು ಇಳಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಮೂರರಲ್ಲೂ ನಿಮ್ಮ ಎಲ್ಲಾ ಪೋಸ್ಟ್, ಫೋಟೋಗಳ ಪ್ರತಿ ಕೇಳಿ ಪಡೆಯುವ ಸೌಲಭ್ಯ ಸೆಟ್ಟಿಂಗ್ಸ್ ಒಳಗಿದೆ. ಅದು ತಯಾರಾಗಲು ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಅಂಗಡಿಯವನಾಗಿ ನಾನೇ ಹೇಳುತ್ತೇನೆ, ಆ ಫೈಲನ್ನು ನಮ್ಮಂಥ ಅಂಗಡಿಯ ಕಂಪ್ಯೂಟರ್‌ನಲ್ಲಿ ಇಳಿಸಬೇಡಿ. ಅದರಲ್ಲಿ ನಿಮ್ಮ ಮೆಸೇಜ್‌ಗಳೂ ಇರಬಹುದು. ಮನೆಯ ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿನಲ್ಲೇ ಇಳಿಸಿ, ಪೆನ್‌ಡ್ರೈವ್‌ಗೆ ಹಾಕಿ ಇಟ್ಟುಕೊಳ್ಳಿ.

ಬಾಗಿಲು ಮುಂದೆ ಮಾಡೋದು

ನಮ್ಮ ಕಡೆ ಬಾಗಿಲು ಮುಂದೆ ಮಾಡು ಅಂದರೆ ಕೀಲಿ ಹಾಕು ಅಂತಲ್ಲ, ಸುಮ್ನೆ ಎಳೆದು ಮುಚ್ಚು ಅಂತ. ಫೇಸ್‌ಬುಕ್‌ನ 'ಲಿಮಿಟ್ ಪಾಸ್ಟ್ ಪೋಸ್ಟ್ಸ್' ಹಾಗೇ. ಪ್ರೈವಸಿ ಸೆಟ್ಟಿಂಗ್ಸ್ ಒಳಗೆ ಒಂದು ಸಲ ಒತ್ತಿದರೆ ಸಾಕು. ಇದುವರೆಗೆ 'ಪಬ್ಲಿಕ್' ಅಥವಾ 'ಗೆಳೆಯರ ಗೆಳೆಯರು' ಅಂತಿದ್ದ ಹಳೇ ಪೋಸ್ಟ್‌ಗಳೆಲ್ಲಾ 'ಗೆಳೆಯರಿಗೆ ಮಾತ್ರ' ಆಗುತ್ತವೆ. ಹತ್ತು ವರ್ಷದ ಕಸಕ್ಕೆ ಎರಡು ನಿಮಿಷದ ಕೆಲಸ. ಟೈಮ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಮೂರು ಮಾತು ತಿಳಿದಿರಲಿ. ಇದನ್ನು ಒಂದೇ ಏಟಿಗೆ ವಾಪಸ್ ತೆಗೆಯಲಾಗುವುದಿಲ್ಲ. ಮತ್ತೆ ಪಬ್ಲಿಕ್ ಮಾಡಬೇಕಾದರೆ ಒಂದೊಂದೇ ಪೋಸ್ಟ್ ತೆರೆದು ಬದಲಿಸಬೇಕು. ನಿಮ್ಮದು ರೊಟ್ಟಿ, ಶೇಂಗಾ ಹಿಂಡಿ ಮಾರುವ ಪ್ರೊಫೈಲ್ ಆಗಿದ್ದು, ಹಳೇ ಪೋಸ್ಟ್ ನೋಡಿ ಗಿರಾಕಿ ಬರುತ್ತಿದ್ದರೆ ಇದನ್ನು ಒತ್ತಬೇಡಿ. ಎರಡನೆಯದು, ಪೋಸ್ಟ್‌ನಲ್ಲಿ ಯಾರನ್ನಾದರೂ ಟ್ಯಾಗ್ ಮಾಡಿದ್ದರೆ ಅವರ ಗೆಳೆಯರಿಗೂ ಅದು ಕಾಣುತ್ತಿರಬಹುದು. ಮೂರನೆಯದೇ ದೊಡ್ಡದು. 'ಗೆಳೆಯರು' ಅಂದರೆ ಯಾರು? ನಮ್ಮ ಕಡೆ ಫ್ರೆಂಡ್ ಲಿಸ್ಟ್‌ನಲ್ಲಿ ಓಣಿ ಅಷ್ಟೂ ಇರುತ್ತದೆ, ಬೀಗರು ಇರುತ್ತಾರೆ, ಒಮ್ಮೆ ಬಸ್ಸಿನಲ್ಲಿ ಸಿಕ್ಕವರೂ ಇರುತ್ತಾರೆ. ಯಾರಿಂದ ಮುಚ್ಚಬೇಕೋ ಅವರೇ ಪಡಸಾಲೆಯಲ್ಲಿ ಕೂತಿದ್ದರೆ ಬಾಗಿಲು ಮುಂದೆ ಮಾಡಿ ಏನು ಪ್ರಯೋಜನ?

ಇನ್‌ಸ್ಟಾಗ್ರಾಂನಲ್ಲಿ ಇದಕ್ಕೆ ಸಮ ಅಂದರೆ ಪ್ರೈವೇಟ್ ಅಕೌಂಟ್. ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, 'ಪ್ರೊಟೆಕ್ಟ್ ಯುವರ್ ಪೋಸ್ಟ್ಸ್'. ಎರಡರಲ್ಲೂ ಯಾವಾಗ ಬೇಕಾದರೂ ಮತ್ತೆ ತೆರೆಯಬಹುದು, ಆ ಮಟ್ಟಿಗೆ ಫೇಸ್‌ಬುಕ್‌ಗಿಂತ ಸಲೀಸು.

ಅಟ್ಟಕ್ಕೆ ಹಾಕೋದು

ನನ್ನ ಓಟು ಇದಕ್ಕೆ. ಆರ್ಕೈವ್ ಮಾಡಿದ ಪೋಸ್ಟ್ ನಿಮಗೆ ಮಾತ್ರ ಕಾಣುತ್ತದೆ, ಬೇರೆ ಯಾರಿಗೂ ಇಲ್ಲ. ಬೇಕಾದಾಗ ಇಳಿಸಿಕೊಳ್ಳಬಹುದು. ಇನ್‌ಸ್ಟಾಗ್ರಾಂನಲ್ಲಿ ಇದು 2017ರಲ್ಲಿ ಬಂತು, ವಾಪಸ್ ತಂದರೆ ಲೈಕ್, ಕಾಮೆಂಟ್ ಸಮೇತ ಬರುತ್ತದೆ. ಫೇಸ್‌ಬುಕ್‌ನಲ್ಲಿ 2020ರಲ್ಲಿ 'ಮ್ಯಾನೇಜ್ ಆಕ್ಟಿವಿಟಿ' ಅಂತ ಬಂತು. ಆಕ್ಟಿವಿಟಿ ಲಾಗ್, ಅಂದರೆ ನೀವು ಹಾಕಿದ್ದೆಲ್ಲದರ ಪಟ್ಟಿ, ಅದರೊಳಗೆ ಹೋಗಿ ವರ್ಷದ ಪ್ರಕಾರ, ಟ್ಯಾಗ್ ಆದವರ ಪ್ರಕಾರ ಪೋಸ್ಟ್ ಸೋಸಿ, ಒಂದಷ್ಟನ್ನು ಟಿಕ್ ಹಾಕಿ ಒಟ್ಟಿಗೇ ಅಟ್ಟಕ್ಕೆ ಕಳಿಸಬಹುದು.

ಯಾಕೆ ನನಗೆ ಇದೇ ಇಷ್ಟ? ನಮ್ಮ ಜಿಲ್ಲೆಯವರ ಪ್ರೊಫೈಲ್‌ನಲ್ಲಿ ವರ್ಷಕ್ಕೊಮ್ಮೆ ಬರುವ ಒಂದು ಫೋಟೋ ಇದೆ. ಎಳ್ಳ ಅಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿಕೊಂಡು ಕೂತ ಮನೆಮಂದಿ. ಜೋಳದ ದಂಟಿನ ನಡುವೆ ಚಾದರ ಹಾಸಿ ಎಲ್ಲರೂ ಸಾಲಾಗಿ. ಆ ಹುಡುಗ ಅದನ್ನೂ ಅಳಿಸಲು ಹೊರಟಿದ್ದ, ಫೋಟೋದಲ್ಲಿ ತಾನು ಬನಿಯನ್ ಹಾಕಿದ್ದೇನೆ ಅಂತ. ಫೋಟೋದ ತುದಿಯಲ್ಲಿ ಒಬ್ಬ ಮುದುಕಿ ರೊಟ್ಟಿ ಮುರಿಯುತ್ತಾ ಕೂತಿದ್ದಳು. "ಇವರು ಯಾರಪ್ಪಾ?" ಅಂದೆ. "ನಮ್ಮ ಆಯಿ. ಈಗಿಲ್ರಿ" ಅಂದ. ಮೂಲ ಫೋಟೋ ಇದ್ದ ಫೋನ್ ಎಂದೋ ಕೆಟ್ಟುಹೋಗಿತ್ತು. ಇಂಟರ್‌ವ್ಯೂ ಮಾಡುವವರಿಗೆ ಕಾಣದಿದ್ದರೆ ಸಾಕು ಅಲ್ವಾ? ಅದಕ್ಕೆ ಅಳಿಸುವುದೇ ಬೇಕಿಲ್ಲ.

ಆರ್ಕೈವ್‌ನ ಮಿತಿ ಏನಂದರೆ ಅದು ನಿಮ್ಮ ಗೋಡೆಯ ಪೋಸ್ಟ್‌ಗೆ ಮಾತ್ರ. ಬೇರೆಯವರ ಪೋಸ್ಟ್ ಕೆಳಗೆ ನೀವು ಬರೆದ ಕಾಮೆಂಟ್ ಅಟ್ಟಕ್ಕೆ ಹೋಗುವುದಿಲ್ಲ. ಕ್ರಿಕೆಟ್‌ಗೋ ರಾಜಕೀಯಕ್ಕೋ ಜಗಳ ಆಡಿದ್ದು ಇರುವುದು ಬಹುತೇಕ ಅಲ್ಲೇ. ಅದನ್ನು ಆಕ್ಟಿವಿಟಿ ಲಾಗ್‌ನ ಕಾಮೆಂಟ್ಸ್ ವಿಭಾಗದಲ್ಲಿ ಹುಡುಕಿ ಅಳಿಸಬೇಕು. ಇನ್ನೊಂದು, ಪ್ರೊಫೈಲ್‌ನಲ್ಲಿ ಈಗಿರುವ ಕವರ್ ಫೋಟೋ ಯಾವತ್ತೂ ಪಬ್ಲಿಕ್. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಎಲ್ಲಾ ಮುಚ್ಚಿ ಹೈಲೈಟ್ಸ್, ಅಂದರೆ ಪ್ರೊಫೈಲ್ ಮೇಲೆ ಉಳಿಸಿಟ್ಟ ಸ್ಟೋರಿ, ಮರೆತವರನ್ನೂ ನೋಡಿದ್ದೇನೆ.

ತಿಪ್ಪೆಗೆ ಹೋಗಬೇಕಾದವು

ಇವುಗಳ ವಿಷಯದಲ್ಲಿ ಕರುಣೆ ಬೇಡ. ಅಂಕಪಟ್ಟಿ, ಹಾಲ್ ಟಿಕೆಟ್, ಆಧಾರ್, ಪಹಣಿ, ಮೊದಲ ಸಂಬಳದ ಚೀಟಿ, ಹೊಸ ಗಾಡಿಯ ಕಾಗದ. "ನನ್ನ ಹೊಸ ನಂಬರ್ ಇದು" ಅಂತ ಹಾಕಿದ ಪೋಸ್ಟ್. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ಕ್ಕೆ ಶುರುವಾದಾಗ ಬೋರ್ಡಿಂಗ್ ಪಾಸ್ ಹಿಡಿದು ಫೋಟೋ ಹಾಕಿದವರು ಬಹಳ. ಆ ಚೀಟಿಯ ಮೇಲೆ ಹೆಸರು, ಪಿಎನ್‌ಆರ್, ಬಾರ್‌ಕೋಡ್ ಇರುತ್ತದೆ. ಪ್ರಯಾಣ ಮುಗಿದಿದೆ ನಿಜ, ಆದರೂ ಅದು ಅಲ್ಲಿರಲು ಕಾರಣವೂ ಇಲ್ಲ. ಹುಟ್ಟಿದ ದಿನ, ಅಮ್ಮನ ಹೆಸರು, ಫೋನ್ ನಂಬರ್ ಈ ಮೂರು ಒಂದೇ ಪ್ರೊಫೈಲ್‌ನಲ್ಲಿ ಸಿಕ್ಕರೆ, ಬ್ಯಾಂಕಿನವರು ಅಂತ ಹೇಳಿ ಫೋನ್ ಮಾಡುವವನಿಗೆ ನಂಬಿಸುವ ಕೆಲಸ ಹಗುರ.

ಇನ್ನೊಂದು ಜಾತಿಯವು ಬೇರೆಯವರಿಗೆ ನೋವು ಕೊಡುವಂಥವು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನದು ಅಂತ ಸುದ್ದಿಯಾದಾಗ, ಗಾಬರಿಯಲ್ಲಿ ಬಂದದ್ದನ್ನೆಲ್ಲಾ ಹಂಚಿದವರಿದ್ದಾರೆ. ಯಾವ ಓಣಿ, ಯಾವ ಮನೆ ಅಂತೆಲ್ಲಾ. ಇವತ್ತು ಅದನ್ನು ನೀವೇ ಮರೆತಿರುತ್ತೀರಿ, ಆ ಮನೆಯವರು ಮರೆತಿರುವುದಿಲ್ಲ. ಇಂಥದ್ದನ್ನು ಅಟ್ಟದಲ್ಲಿ ಇಟ್ಟುಕೊಂಡು ಏನು ಮಾಡುತ್ತೀರಿ?

ಅಳಿಸಿದ ಕೂಡಲೇ ಹೋಗುತ್ತದೆ ಅಂತಲೂ ಅಲ್ಲ. ಫೇಸ್‌ಬುಕ್‌ನ ಟ್ರ್ಯಾಶ್‌ಗೆ ಹಾಕಿದ್ದು 30 ದಿನ ಅಲ್ಲೇ ಇರುತ್ತದೆ, ಇನ್‌ಸ್ಟಾಗ್ರಾಂನ 'ರೀಸೆಂಟ್ಲಿ ಡಿಲೀಟೆಡ್'ನಲ್ಲೂ ಪೋಸ್ಟ್‌ಗೆ 30 ದಿನ. ಅಷ್ಟರೊಳಗೆ ಮನಸ್ಸು ಬದಲಾದರೆ ವಾಪಸ್ ತರಬಹುದು, ಈಗಲೇ ಹೋಗಬೇಕು ಅಂದರೆ ಅಲ್ಲಿಂದಲೂ ಅಳಿಸಬಹುದು. ಇನ್‌ಸ್ಟಾಗ್ರಾಂನಲ್ಲಿ ಹತ್ತು ಫೋಟೋದ ಪೋಸ್ಟ್‌ನಿಂದ ಒಂದೇ ಫೋಟೋ ತೆಗೆಯಲೂ ಬರುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬ್‌ನಲ್ಲಿ ಮಾತ್ರ ಹುಷಾರು. ಅಲ್ಲಿ ವಿಡಿಯೋ ಅಳಿಸಿದರೆ ಮುಗೀತು. ಕಾಲೇಜಿನ ಗ್ಯಾದರಿಂಗ್ ಡ್ಯಾನ್ಸ್ ವಿಡಿಯೋ ಇದ್ದರೆ 'ಪ್ರೈವೇಟ್' ಮಾಡಿ ಬಿಡಿ.

ಹುಡುಕುವುದೇ ಕಷ್ಟದ ಕೆಲಸ

ಇಂಗ್ಲಿಷಿನಲ್ಲಿ ಬರೆಯುವ ಊರುಗಳಿಗೆ ಈ ತಲೆನೋವು ಇಲ್ಲ. ನಮ್ಮ ಹಳೇ ಫೋನ್‌ಗಳಲ್ಲಿ ಕನ್ನಡ ಕೀಬೋರ್ಡ್ ಎಲ್ಲಿತ್ತು? ಹಾಗಾಗಿ ಹಳೇ ಪೋಸ್ಟ್‌ಗಳೆಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಆಮೇಲೆ ಕನ್ನಡ ಅಕ್ಷರ ಬಂತು. ನಡುನಡುವೆ ದಖನಿ ಉರ್ದು, ಹಿಂದಿ, ಆಳಂದ ಕಡೆಯವರಾದರೆ ಮರಾಠಿಯೂ ಇರುತ್ತದೆ. ಒಂದೇ ಬೈಗುಳವನ್ನು ಒಬ್ಬನೇ ಮನುಷ್ಯ ನಾಲ್ಕು ಸ್ಪೆಲಿಂಗ್‌ನಲ್ಲಿ ಬರೆದಿರುತ್ತಾನೆ. ಕನ್ನಡದಲ್ಲಿ ಒಂದು ಪದ ಟೈಪ್ ಮಾಡಿ "ಏನೂ ಸಿಗಲಿಲ್ಲ" ಅಂತ ನಿರಾಳ ಆಗಬೇಡಿ. ಮೊದಲು ಇಂಗ್ಲಿಷ್ ಅಕ್ಷರದಲ್ಲಿ, ಉದ್ದ ಸ್ವರಕ್ಕೆ ಒಂದು ಅಕ್ಷರ ಹಾಕಿ ಒಮ್ಮೆ, ಎರಡು ಹಾಕಿ ಒಮ್ಮೆ ಹುಡುಕಿ. ಊರಿನ ಹೆಸರನ್ನೂ ಗುಲ್ಬರ್ಗಾ, ಕಲಬುರಗಿ ಎರಡರಲ್ಲೂ ನೋಡಿ. ತಂತ್ರಾಂಶಗಳು ಎಡವುವುದೂ ಇಲ್ಲೇ. ಕೆಟ್ಟ ಪದ ಹುಡುಕಿಕೊಡುತ್ತೇವೆ ಅನ್ನುವ ಆ್ಯಪ್‌ಗೆ ನಮ್ಮ ಭಾಗದ ಬೈಗುಳ ಎಲ್ಲಿಂದ ಗೊತ್ತಾಗಬೇಕು?

ಒಂದೇ ಕೂರಿಕೆಗೆ ಎಲ್ಲಾ ಮುಗಿಸಬೇಕು ಅಂತಿಲ್ಲದವರಿಗೆ ಇನ್ನೊಂದು ದಾರಿ ಇದೆ. ಫೇಸ್‌ಬುಕ್‌ನ 'ಮೆಮೊರೀಸ್' ಆಯಾ ದಿನ ಹಿಂದಿನ ವರ್ಷಗಳಲ್ಲಿ ನೀವು ಏನು ಹಾಕಿದ್ದಿರಿ ಅಂತ ತೋರಿಸುತ್ತದೆ. ಬೆಳಿಗ್ಗೆ ಚಹಾ ಕುಡಿಯುವಾಗ ಅದನ್ನು ತೆರೆದು, ಇವತ್ತಿನ ತಾರೀಖಿನ ಪೋಸ್ಟ್ ಇಡಬೇಕೋ ಬೇಡವೋ ನೋಡಿ. ದಿನಕ್ಕೆ ಮೂರ್ನಾಲ್ಕು ಪೋಸ್ಟ್ ಇರುತ್ತವೆ ಅಷ್ಟೆ. ಒಂದು ವರ್ಷಕ್ಕೆ ಹೆಚ್ಚುಕಡಿಮೆ ಎಲ್ಲಾ ಒಂದು ಸುತ್ತು ಬಂದಿರುತ್ತದೆ. ನಾನು ನನ್ನದನ್ನು ಮಾಡಿದ್ದು ಹೀಗೇ. ಮೊದಲು ಮಾಡಿದ್ದು ಹೀಗಲ್ಲ, ಆ ಕಥೆ ಈಗ ಹೇಳುತ್ತೇನೆ.

ಆ್ಯಪ್ ಕೈಗೆ ಕೊಡೋದಾ?

ಕೆಲ ವರ್ಷದ ಹಿಂದೆ ಬ್ರೌಸರ್‌ಗೆ ಅಂಟಿಸುವ ಒಂದು ಪುಕ್ಕಟೆ ಸಾಧನ ಹಾಕಿಕೊಂಡು, "2015ರ ಹಿಂದಿನದೆಲ್ಲಾ ಅಳಿಸು" ಅಂತ ಕೊಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಕ್ಲೀನ್. ಬಹಳ ಖುಷಿಪಟ್ಟೆ. ಎರಡು ತಿಂಗಳ ಮೇಲೆ ಅಪ್ಪನ ಪುಣ್ಯತಿಥಿ ಬಂತು. ಅಪ್ಪ ಹೋದ ದಿನ ನಾನು ಹಾಕಿದ ನಾಲ್ಕು ಸಾಲು, ಅದರ ಕೆಳಗೆ ಅವರ ಜೊತೆ ಕೆಲಸ ಮಾಡಿದವರು ಬರೆದ ಮಾತುಗಳನ್ನು ಪ್ರತಿ ವರ್ಷ ಆ ದಿನ ಓದುತ್ತಿದ್ದೆ. ಹೋಗಿ ನೋಡಿದರೆ ಇಲ್ಲ. 30 ದಿನ ಎಂದೋ ದಾಟಿತ್ತು. ನಕಲೂ ಇಳಿಸಿಕೊಂಡಿರಲಿಲ್ಲ.

ಆಮೇಲೆ ಯೋಚನೆ ಮಾಡಿದರೆ, ಆ ಸಾಧನಕ್ಕೆ ನನ್ನ ಅಕೌಂಟ್ ಒಳಗೆ ಕೈಯಾಡಿಸಲು ಪೂರಾ ಪರವಾನಗಿ ಕೊಟ್ಟಿದ್ದೆ. ಅದನ್ನು ಯಾರು ಮಾಡಿದ್ದು ಅಂತಲೂ ನೋಡಿರಲಿಲ್ಲ. ಹಾಗಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಹೊರಗಿನ ಆ್ಯಪ್ ಬೇಡವೇ ಬೇಡ. ಒಳಗಿರುವ ಸೌಲಭ್ಯವೇ ಸಾಕು.

ಎಕ್ಸ್ ಮಾತ್ರ ಬೇರೆ. ಅಲ್ಲಿ ಒಟ್ಟಿಗೆ ಅಳಿಸುವ ವ್ಯವಸ್ಥೆ ಕಂಪನಿ ಕೊಟ್ಟಿಲ್ಲ, ಒಂದೊಂದೇ ಅಳಿಸಬೇಕು. 2023ರಲ್ಲಿ ಕಂಪನಿ ಹೊರಗಿನ ಸಾಧನಗಳಿಗೆ ಶುಲ್ಕ ಹಾಕಿದ ಮೇಲೆ ಪುಕ್ಕಟೆ ಇದ್ದ ಎಷ್ಟೋ ಸಾಧನ ನಿಂತವು, ಇಲ್ಲವೇ ದುಡ್ಡು ಕೇಳತೊಡಗಿದವು. ಇನ್ನೂರು ಮುನ್ನೂರು ಪೋಸ್ಟ್ ಇದ್ದರೆ ಒಂದು ಭಾನುವಾರ ಕೂತು ಕೈಯಲ್ಲೇ ಮಾಡಿ. ಹತ್ತು ಸಾವಿರ ಇದ್ದರೆ ಸಾಧನ ಬಳಸುವುದು ಅನಿವಾರ್ಯ ಆಗಬಹುದು. ಆಗ ನಕಲು ಮೊದಲು, ಕೆಲಸ ಮುಗಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗಿ ಅದಕ್ಕೆ ಕೊಟ್ಟ ಪರವಾನಗಿ ರದ್ದು, ಪಾಸ್‌ವರ್ಡ್ ಬದಲು. ಎಲ್ಲಾ ಅಳಿಸಿ ಹೊಸದಾಗಿ ಶುರುಮಾಡಿದರೆ ಆಯ್ತಲ್ಲ ಅಂತಲೂ ಅನ್ನಿಸುತ್ತದೆ. ಅದಕ್ಕೂ ಬರೋಣ.

ಮನೆಯನ್ನೇ ಬಿಡೋದು

ಅಕೌಂಟ್ ಅಳಿಸುವುದು ಕೊನೆಯ ದಾರಿ. ಫೇಸ್‌ಬುಕ್‌ನಲ್ಲಿ ಅರ್ಜಿ ಕೊಟ್ಟ ಮೇಲೆ 30 ದಿನದೊಳಗೆ ಲಾಗಿನ್ ಆಗಿ ರದ್ದು ಮಾಡಬಹುದು, ಆಮೇಲೆ ಪೂರಾ ಅಳಿಯಲು 90 ದಿನದವರೆಗೆ ಹಿಡಿಯಬಹುದು. ಸೋಮವಾರ ಇಂಟರ್‌ವ್ಯೂ ಇದೆ ಅನ್ನುವವರು ಇದನ್ನು ನೆನಪಿಡಿ. ನೀವು ಬೇರೆಯವರಿಗೆ ಕಳಿಸಿದ ಮೆಸೇಜ್ ಅವರ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತದೆ. ಫೇಸ್‌ಬುಕ್ ಮೂಲಕ ಲಾಗಿನ್ ಆಗುತ್ತಿದ್ದ ಬೇರೆ ಆ್ಯಪ್‌ಗಳ ಬಾಗಿಲೂ ಮುಚ್ಚುತ್ತದೆ. ಯಾವುದಾದರೂ ಪೇಜ್‌ಗೆ ನೀವೊಬ್ಬರೇ ಅಡ್ಮಿನ್ ಆಗಿದ್ದರೆ ಆ ಪೇಜ್ ಕೂಡ ಹೋಗುತ್ತದೆ. ಊರ ಜಾತ್ರೆಯ ಪೇಜ್ ಹೀಗೆ ಹೋದರೆ ಹಿರಿಯರಿಗೆ ಏನು ಉತ್ತರ ಕೊಡುತ್ತೀರಿ? ಸ್ವಲ್ಪ ದಿನ ದೂರ ಇರಬೇಕು ಅಷ್ಟೇ ಅಂದರೆ 'ಡಿಆಕ್ಟಿವೇಟ್' ಸಾಕು.

ನೋಡುವವರು ಯಾರು?

ಇಂಟರ್‌ವ್ಯೂ, ಸಂಬಂಧ ನೋಡುವುದು ಇಂಥವಕ್ಕೆ ಬಾಗಿಲು ಮುಂದೆ ಮಾಡಿ, ಕೆಲವನ್ನು ಅಟ್ಟಕ್ಕೆ ಹಾಕಿದರೆ ಸಾಕು. ಪೂರಾ ಖಾಲಿ ಮಾಡಬೇಡಿ. ಹೆಣ್ಣಿನ ಕಡೆಯವರು ಪ್ರೊಫೈಲ್ ತೆರೆದಾಗ 2011ರಿಂದ ಒಂದೂ ಪೋಸ್ಟ್ ಇಲ್ಲ ಅಂದರೆ, "ಏನೋ ಮುಚ್ಚಿಟ್ಟಾನ" ಅನ್ನುತ್ತಾರೆ.

ಅಮೆರಿಕದ ವೀಸಾ ಲೆಕ್ಕವೇ ಬೇರೆ. ಅಲ್ಲಿನ ಅರ್ಜಿ 2019ರಿಂದ, ಹಿಂದಿನ 5 ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಅಕೌಂಟ್‌ಗಳ ಹೆಸರು ಕೇಳುತ್ತದೆ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಪ್ರೊಫೈಲನ್ನು ಪಬ್ಲಿಕ್ ಇಡಬೇಕು ಅಂತಲೂ ಹೇಳಿದ್ದಾರೆ. ಅಂದರೆ ಬಾಗಿಲು ಮುಂದೆ ಮಾಡುವ ದಾರಿ ಇವರಿಗೆ ನಡೆಯುವುದಿಲ್ಲ. ಅಕೌಂಟ್ ಅಳಿಸಿ, ಅರ್ಜಿಯಲ್ಲಿ ಅದು ಇರಲೇ ಇಲ್ಲ ಅಂತ ಬರೆಯುವುದು ದೊಡ್ಡ ತಪ್ಪು. ನಮ್ಮ ಅಂಗಡಿಯಲ್ಲಿ ಹಾಗೆ ತುಂಬು ಅಂದವರಿಗೆ ನಾನು ಫಾರ್ಮ್ ವಾಪಸ್ ಕೊಟ್ಟಿದ್ದೇನೆ. ಅಕೌಂಟ್ ಇರಲಿ, ಹೆಸರು ಸರಿಯಾಗಿ ಬರೆಯಿರಿ, ಅಂಕಪಟ್ಟಿ, ಫೋನ್ ನಂಬರ್‌ನಂಥ ಖಾಸಗಿ ಕಾಗದ ಮಾತ್ರ ತೆಗೆಯಿರಿ.

ಇನ್ನು ಪೋಸ್ಟ್ ವಿಷಯಕ್ಕೆ ಠಾಣೆಯಲ್ಲಿ ದೂರು ಆಗಿದ್ದರೆ ಯಾವ ಬಟನ್‌ಗೂ ಕೈ ಹಚ್ಚಬೇಡಿ. ಸಾಕ್ಷಿ ನಾಶ ಮಾಡಿದ ಇನ್ನೊಂದು ಕೇಸ್ ಮೇಲೆ ಬೀಳಬಹುದು. ಮೊದಲು ವಕೀಲರ ಹತ್ತಿರ ಹೋಗಿ.

ಬೇರೆಯವರ ಅಂಗಳದಲ್ಲಿ ಇರುವುದು

ಗೆಳೆಯ ಹಾಕಿದ ಫೋಟೋವನ್ನು ನೀವು ಅಳಿಸಲಾಗುವುದಿಲ್ಲ. ಟ್ಯಾಗ್ ತೆಗೆಯಬಹುದು, ಆಗ ನಿಮ್ಮ ಹೆಸರಿನಿಂದ ಅದಕ್ಕೆ ದಾರಿ ತಪ್ಪುತ್ತದೆ, ಫೋಟೋ ಅಲ್ಲೇ ಇರುತ್ತದೆ. ರಿಪೋರ್ಟ್ ಬಟನ್ ಒತ್ತುವುದಕ್ಕಿಂತ ಒಂದು ಫೋನ್ ಮಾಡುವುದು ಮೇಲು. "ಅಣ್ಣಾ, ಆ ಫೋಟೋ ತೆಗೆದುಬಿಡು" ಅಂದರೆ ನಮ್ಮ ಕಡೆ ಇಲ್ಲ ಅನ್ನುವವರು ಕಡಿಮೆ. ಅಳಿಸಿದ ಮೇಲೂ ಗೂಗಲ್‌ನಲ್ಲಿ ಹಳೇ ಸಾಲು ಕಾಣುತ್ತಿದ್ದರೆ, ಗೂಗಲ್‌ನದ್ದೇ 'ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್' ಅಂತ ಒಂದು ಪುಟ ಇದೆ. ಅಲ್ಲಿ ಲಿಂಕ್ ಕೊಟ್ಟು ಕೇಳಿಕೊಳ್ಳಬಹುದು. ಯಾರದೋ ಫೋನಿನಲ್ಲಿರುವ ಸ್ಕ್ರೀನ್‌ಶಾಟ್‌ಗೆ ಮಾತ್ರ ಯಾವ ಮದ್ದೂ ಇಲ್ಲ.

ಆ ಹುಡುಗನ ಕೆಲಸ ಒಂದೂವರೆ ತಾಸು ಹಿಡಿಯಿತು. ಮೊದಲು ಹಳೇದಕ್ಕೆಲ್ಲಾ ಬಾಗಿಲು ಮುಂದೆ ಮಾಡಿದೆವು. ಎಳ್ಳ ಅಮಾವಾಸ್ಯೆಯ ಫೋಟೋ ಅವನ ಫೋನಿಗೆ ಇಳಿಸಿ, ಪೋಸ್ಟನ್ನು ಅಟ್ಟಕ್ಕೆ ಹಾಕಿದೆವು. ಬೈಕ್ ಫೋಟೋಗಳೂ ಅಟ್ಟಕ್ಕೇ. ಅಂಕಪಟ್ಟಿ, ಎರಡು ಫೋನ್ ನಂಬರ್, ಒಂದು ಜಗಳದ ಹನ್ನೊಂದು ಕಾಮೆಂಟ್ ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿದೆವು. ಎದ್ದು ಹೊರಡುವ ಮುಂಚೆ ತಂಗಿಗೂ ಒಂದು ಮಾತು ಹೇಳು ಅಂದೆ. ಸ್ಪೀಕರ್ ಹಾಕಿಯೇ ಫೋನ್ ಹಚ್ಚಿದ. ಆ ಕಡೆಯಿಂದ ಕುಕ್ಕರ್ ಸೀಟಿ ಕೇಳುತ್ತಿತ್ತು.

"ಆ ಮಾರ್ಕ್ಸ್ ಕಾರ್ಡಾ? ಅದನ್ನ ನಾನೂ ಹಾಕೀನಲ್ಲ ಅಣ್ಣಾ. ಅವ್ವನ ಪ್ರೊಫೈಲ್‌ನಾಗೂ ಅದ."

ಹುಡುಗ ನನ್ನ ಮುಖ ನೋಡಿದ. ನಾನು ಕುರ್ಚಿ ಮತ್ತೆ ಈಚೆ ಎಳೆದೆ. "ಅವ್ವನ ಪಾಸ್‌ವರ್ಡ್ ಯಾರಿಗೆ ಗೊತ್ತದ, ಕೇಳು."